ಬಸ್ಸಿನ ಹೆಸರು ಹಾಕಿ ಗೇಮ್ ಮಾಡ್ ಮಾಡಿದೆ, ಕೇಸ್ ಬೀಳುತ್ತದಾ?

ಪ್ರಶ್ನೆ: ಮೇಡಂ, ನಾನು ಮೂಲ್ಕಿಯವನು. ಇಂಜಿನಿಯರಿಂಗ್ ಮೂರನೇ ವರ್ಷ. ಸಣ್ಣದಿರುವಾಗಿನಿಂದ ನನಗೆ ಬಸ್ಸಿನ ಹುಚ್ಚು. ಮೊಬೈಲಿನಲ್ಲಿ ಬಸ್ ಸಿಮ್ಯುಲೇಟರ್ ಇಂಡೊನೇಶ್ಯಾ ಎಂಬ ಗೇಮ್ ಆಡುತ್ತೇನೆ. ಅದಕ್ಕೆ ನಮ್ಮ ಮಂಗಳೂರು-ಉಡುಪಿ-ಕುಂದಾಪುರ ರೂಟಿನ ಒಂದು ಎಕ್ಸ್‌ಪ್ರೆಸ್ ಬಸ್ಸಿನ ಮಾಡ್ (ಗೇಮಿಗೆ ಆಟಗಾರರೇ ಮಾಡಿ ಸೇರಿಸುವ ಭಾಗ) ಮಾಡಿದೆ. ಬಾಡಿಯನ್ನು ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ನಾನೇ ಕಟ್ಟಿದ್ದು, ಐದು ತಿಂಗಳು ಹಿಡಿಯಿತು. ಡ್ಯಾಶ್‌ಬೋರ್ಡ್ ಮತ್ತು ಚಕ್ರ ಮಾತ್ರ ಬೇರೆಯವರ ಫ್ರೀ ಮಾಡ್‌ನಿಂದ ತೆಗೆದದ್ದು, ಕ್ರೆಡಿಟ್ ಕೊಟ್ಟಿದ್ದೇನೆ. ಬಸ್ಸಿನ ಹೆಸರು, ಬಣ್ಣ, ಹಿಂದಿನ ಗ್ಲಾಸಿನ ಚಿತ್ರ ಎಲ್ಲ ನಿಜವಾದ ಬಸ್ಸಿನಲ್ಲಿ ಇದ್ದ ಹಾಗೇ ಇದೆ. ಹಾರ್ನ್‌ಗೆ ಸಿನಿಮಾ ಹಾಡಿನ ತುಂಡು. ಕಂಡಕ್ಟರ್ 'ರೈಟ್ ಪೋಯಿ' ಎನ್ನುವುದನ್ನು ಬಸ್ಸಿನಲ್ಲೇ ರೆಕಾರ್ಡ್ ಮಾಡಿದೆ. ಮೊದಲು ಫ್ರೀ ಬಿಟ್ಟೆ. ಆಮೇಲೆ ಒಳಗಿನ ಲೈಟ್ ಎಲ್ಲ ಸೇರಿಸಿ 49 ರೂಪಾಯಿಗೆ ಪಾಸ್‌ವರ್ಡ್ ಕೊಡಲು ಶುರು ಮಾಡಿದೆ. 63 ಜನ ತೆಗೆದುಕೊಂಡರು. ಈಗ ಬಸ್ಸಿನ ಆಫೀಸಿನಿಂದ ವಾಟ್ಸ್ಯಾಪ್ ಬಂದಿದೆ: ಮೂರು ದಿನದಲ್ಲಿ ನಮ್ಮ ಹೆಸರು ತೆಗೆಯದಿದ್ದರೆ ಪೊಲೀಸ್ ಕಂಪ್ಲೇಂಟ್ ಅಂತ. ಅಮ್ಮ ಹೆದರಿದ್ದಾರೆ, ಎಲ್ಲ ಡಿಲೀಟ್ ಮಾಡು ಎನ್ನುತ್ತಾರೆ. ಫ್ರೆಂಡ್ಸ್ ಮಾತ್ರ, ಇದು ಫ್ಯಾನ್ ಮಾಡ್, ಏನೂ ಆಗುವುದಿಲ್ಲ ಎನ್ನುತ್ತಾರೆ. ಇದರ ಮಧ್ಯೆ ಇನ್ನೊಬ್ಬ ನಾನು ಕಟ್ಟಿದ ಬಸ್ಸಿನ ಬಾಡಿಯ ಮೇಲೆ ಬೇರೆ ಬಣ್ಣ ಹೊಡೆದು ತನ್ನದೆಂದು ಹಾಕಿದ್ದಾನೆ. ಯೂರೋ ಟ್ರಕ್ ಸಿಮ್ಯುಲೇಟರ್ ಎಂಬ ಗೇಮಿಗೆ ಮಂಗಳೂರಿನ ನಂತೂರಿನಿಂದ ಉಡುಪಿವರೆಗಿನ ಮ್ಯಾಪ್ ಮಾಡುವ ಆಸೆಯೂ ಇದೆ. ಮಾಡಬಹುದಾ? ನನ್ನ ತಪ್ಪು ಎಲ್ಲಿ?

ಉತ್ತರ:

ಮೊದಲು ಅಮ್ಮನಿಗೆ ಸಮಾಧಾನ ಹೇಳಿ. ವಾಟ್ಸ್ಯಾಪ್ ಮೆಸೇಜ್ ಬಂದ ಮಾತ್ರಕ್ಕೆ ಕೇಸ್ ಆಗಿದೆ ಎಂದಲ್ಲ. ನಿಮ್ಮ ಪರಿಸ್ಥಿತಿ ಸರಿಮಾಡಲು ಆಗುವಂಥದ್ದು, ಅದೂ ಜಾಸ್ತಿ ಖರ್ಚಿಲ್ಲದೆ. ಆದರೆ ಏನೂ ಆಗುವುದಿಲ್ಲ ಎಂಬ ಸ್ನೇಹಿತರ ಮಾತೂ ಸರಿಯಲ್ಲ. ಈ ಉತ್ತರ ಓದಿ ಮುಗಿಸುವ ಮೊದಲೇ ಎರಡು ಕೆಲಸ ಮಾಡಿ. 49 ರೂಪಾಯಿಯ ಮಾರಾಟ ನಿಲ್ಲಿಸಿ, ಡೌನ್‌ಲೋಡ್ ಲಿಂಕ್ ಇಳಿಸಿ. ಆದರೆ ನಿಮ್ಮ ಕಂಪ್ಯೂಟರಿನಲ್ಲಿರುವ ಮೂಲ ಫೈಲುಗಳಲ್ಲಿ ಒಂದನ್ನೂ ಅಳಿಸಬೇಡಿ. ಐದು ತಿಂಗಳ ದುಡಿಮೆ ಅದು. ಮುಂದೆ ನಿಮ್ಮ ಪರವಾಗಿ ಸಾಕ್ಷಿ ಹೇಳುವುದೂ ಅದೇ.

ನಾನು ಮಂಗಳೂರಿನಲ್ಲಿ ಕಾಪಿರೈಟ್, ಟ್ರೇಡ್‌ಮಾರ್ಕ್ ಕೇಸುಗಳನ್ನು ನಡೆಸುವ ವಕೀಲೆ. ಕೆಲವು ವರ್ಷಗಳಿಂದ ನಿಮ್ಮಂಥ ಹುಡುಗರು, ಕೆಲವೊಮ್ಮೆ ಅವರ ಅಪ್ಪ ಅಮ್ಮ, ಆಫೀಸಿಗೆ ಬರುತ್ತಿದ್ದಾರೆ. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಮಾಡ್ ಮಾಡುವುದು ಕಾನೂನುಬದ್ಧವೋ ಅಲ್ಲವೋ? ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಸಿಗುವುದಿಲ್ಲ. ಏಕೆಂದರೆ ಮಾಡ್ ಎನ್ನುವುದು ಒಂದೇ ವಸ್ತು ಅಲ್ಲ.

ನೀವು ದಿನಾ ಹತ್ತುವ ಬಸ್ಸನ್ನೇ ನೋಡಿ. ಚಾಸಿ ಒಂದು ಕಂಪೆನಿಯದ್ದು. ಬಾಡಿ ಕಟ್ಟಿದವರು ಬೇರೆ. ಬಣ್ಣ ಬಳಿದು ಚಿತ್ರ ಬರೆದವರು ಇನ್ನೊಬ್ಬರು. ಹೆಸರು ಮಾಲಕರದ್ದು. ಒಳಗೆ ಕೇಳುವ ಹಾಡು ಯಾವುದೋ ಆಡಿಯೊ ಕಂಪೆನಿಯದ್ದು. ನೋಡುವವರಿಗೆ ಒಂದೇ ಬಸ್ಸು, ಹಕ್ಕುದಾರರು ಮಾತ್ರ ನಾಲ್ಕೈದು ಜನ. ನಿಮ್ಮ ಮಾಡ್ ಕೂಡ ಹಾಗೇ. ಒಬ್ಬರು ಒಪ್ಪಿದರೆ ಉಳಿದವರೂ ಒಪ್ಪಿದ ಹಾಗಲ್ಲ. ನೀವು ಎಡವಿದ್ದು ಇಲ್ಲೇ. ಗೇಮ್ ಕಂಪೆನಿ ಮಾಡ್ ಹಾಕಲು ಬಿಟ್ಟಿದೆ ಎಂದ ಮೇಲೆ ಎಲ್ಲದಕ್ಕೂ ಒಪ್ಪಿಗೆ ಸಿಕ್ಕಿತು ಎಂದುಕೊಂಡಿರಿ.

ಹಾಗಾಗಿ ನಿಮ್ಮ ಬಸ್ಸನ್ನು ಬಿಡಿಬಿಡಿಯಾಗಿ ಬಿಚ್ಚಿ ನೋಡೋಣ.

ಗೇಮ್ ಕಂಪೆನಿಯ ಕಡೆಯಿಂದ

ಭಾರತದ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಪುಸ್ತಕದ ಹಾಗೆ ಸಾಹಿತ್ಯ ಕೃತಿ. ಗೇಮಿನೊಳಗಿನ ಚಿತ್ರ, ಸಂಗೀತ, 3ಡಿ ಮಾಡೆಲ್‌ಗಳಿಗೆ ಬೇರೆ ಬೇರೆಯಾಗಿ ರಕ್ಷಣೆ ಇದೆ. ಅದನ್ನು ನಕಲು ಮಾಡುವ, ಬದಲಿಸುವ, ಜನರಿಗೆ ಹಂಚುವ ಹಕ್ಕು ಮಾಲಕರದ್ದು. ಕಂಪೆನಿ ಹೊರದೇಶದ್ದು, ಇಲ್ಲಿ ಏನು ಮಾಡುತ್ತಾರೆ ಎಂದು ಕೆಲವರು ಕೇಳುತ್ತಾರೆ. ಅದು ತಪ್ಪು ತಿಳುವಳಿಕೆ. ಭಾರತ, ಇಂಡೊನೇಶ್ಯಾ, ಝೆಕ್ ದೇಶ ಎಲ್ಲವೂ ಕಾಪಿರೈಟ್ ಬಗ್ಗೆ ದೇಶಗಳು ಮಾಡಿಕೊಂಡ ಬರ್ನ್ ಒಪ್ಪಂದದಲ್ಲಿವೆ. ಅವರ ಕೃತಿಗೆ ಇಲ್ಲಿಯೂ ರಕ್ಷಣೆ ಇದೆ, ನಿಮ್ಮ ಕೃತಿಗೆ ಅಲ್ಲಿಯೂ ಇದೆ.

ಇದೇ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಒಂದು ಸಣ್ಣ ಬಾಗಿಲು ಇದೆ. ನೀವು ನ್ಯಾಯವಾಗಿ ಪಡೆದ ಪ್ರೋಗ್ರಾಂನ ಪ್ರತಿಯನ್ನು ನಿಮ್ಮ ಸ್ವಂತಕ್ಕೆ, ವ್ಯಾಪಾರವಲ್ಲದ ಉಪಯೋಗಕ್ಕೆ, ನಕಲು ಮಾಡಬಹುದು, ಬದಲಿಸಿಕೊಳ್ಳಬಹುದು. ನಿಮ್ಮ ಮೊಬೈಲಿನಲ್ಲಿ ನೀವೇ ಆಡಲು ಏನೋ ತಿದ್ದಿಕೊಂಡರೆ ಕಾನೂನು ನಿಮ್ಮ ಬೆನ್ನು ಹತ್ತುವುದಿಲ್ಲ. ಊರಿಗೆಲ್ಲ ಹಂಚಿದಾಗ ಈ ಬಾಗಿಲು ಮುಚ್ಚುತ್ತದೆ. ಆಮೇಲೆ ನಿಮ್ಮನ್ನು ಕಾಯುವುದು ಕಂಪೆನಿ ಕೊಟ್ಟ ಅನುಮತಿ ಮಾತ್ರ.

ಅನುಮತಿಯ ವಿಷಯದಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ. ಬಸ್ ಸಿಮ್ಯುಲೇಟರ್ ಇಂಡೊನೇಶ್ಯಾ 2017ರಲ್ಲಿ ಬಂದ ಆಟ. ಸ್ವಂತ ಲಿವರಿ (ಬಸ್ಸಿನ ಹೊರಗಿನ ಬಣ್ಣ, ಚಿತ್ರ) ಬರೆಯಿರಿ, ಸ್ವಂತ 3ಡಿ ವಾಹನ ಹಾಕಿ ಎಂದು ಆ ಕಂಪೆನಿಯೇ ಕರೆಯುತ್ತದೆ. ಯೂರೋ ಟ್ರಕ್ ಸಿಮ್ಯುಲೇಟರ್ 2 ಮಾಡುವ ಝೆಕ್ ದೇಶದ ಪ್ರಾಗ್‌ನ ಎಸ್‌ಸಿಎಸ್ ಸಾಫ್ಟ್‌ವೇರ್ ಕಂಪೆನಿ ಕೂಡ ಮಾಡ್‌ಗಳಿಗೆ ದಾರಿ ಬಿಟ್ಟಿದೆ. ಎಲ್ಲ ಕಂಪೆನಿಗಳೂ ಹೀಗಿರುವುದಿಲ್ಲ. 2016ರಲ್ಲಿ ಅಭಿಮಾನಿಯೊಬ್ಬರು ನಿಂಟೆಂಡೊದ ಹಳೆಯ ಮೆಟ್ರಾಯ್ಡ್ 2 ಆಟವನ್ನು ಹೊಸದಾಗಿ ಕಟ್ಟಿ ಪುಕ್ಕಟೆಯಾಗಿ ಕೊಟ್ಟರು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಲಿಂಕ್‌ಗಳು ಕಾಪಿರೈಟ್ ನೋಟಿಸ್‌ಗೆ ಬಿದ್ದುಹೋದವು. ದುಡ್ಡು ತೆಗೆದುಕೊಂಡಿಲ್ಲ ಎಂಬ ಕಾರಣ ಅವರನ್ನು ಉಳಿಸಲಿಲ್ಲ.

2017ರಲ್ಲಿ ಜಿಟಿಎ ಆಟದ ಕಂಪೆನಿ ಟೇಕ್-ಟು, ಮಾಡ್ ಮಾಡುವವರೆಲ್ಲ ಬಳಸುತ್ತಿದ್ದ ಓಪನ್‌ಐವಿ ಎಂಬ ಟೂಲ್ ನಿಲ್ಲಿಸಲು ನೋಟಿಸ್ ಕಳಿಸಿತು. ಆಟಗಾರರು ಸಿಟ್ಟಾದರು. ಆಮೇಲೆ ಟೇಕ್-ಟುವಿನ ಒಳಗೆ ಜಿಟಿಎ ಮಾಡುವ ರಾಕ್‌ಸ್ಟಾರ್ ಒಂದು ನಿಲುವು ಪ್ರಕಟಿಸಿತು. ಒಬ್ಬರೇ ಆಡುವ, ದುಡ್ಡಿಲ್ಲದ, ಬೇರೆಯವರ ಹಕ್ಕಿಗೆ ಕೈ ಹಾಕದ ಮಾಡ್‌ಗಳಿಗೆ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ ಎಂಬುದು ಅದರ ಸಾರ. ಟೂಲ್ ವಾಪಸ್ ಬಂತು. ಆ ನಿಲುವಿನ ಮೂರನೇ ಶರತ್ತು ನೆನಪಿಡಿ, ಅದಕ್ಕೆ ಮತ್ತೆ ಬರುತ್ತೇನೆ.

ಇನ್ನೊಂದು ಮಾತು ನಾನು ಜಾಸ್ತಿ ಕೇಳುವುದು: ಅವರ ಫೈಲಿನ ಒಂದು ಬಿಂದುವೂ ನನ್ನ ಮಾಡ್‌ನಲ್ಲಿ ಇಲ್ಲ, ಎಲ್ಲ ನಾನೇ ಮಾಡಿದ್ದು, ಹಾಗಾಗಿ ಮಾರಬಹುದು ಅಲ್ವಾ? ಇದಕ್ಕೆ ಅಮೆರಿಕದ ಒಂದು ಹಳೆಯ ತೀರ್ಪು ಉತ್ತರ ಕೊಟ್ಟಿದೆ. ಡ್ಯೂಕ್ ನ್ಯೂಕಂ 3ಡಿ ಆಟಕ್ಕೆ ಆಟಗಾರರೇ ಲೆವೆಲ್‌ಗಳನ್ನು ಮಾಡುತ್ತಿದ್ದರು. ಕಂಪೆನಿಯೇ ಅದಕ್ಕೆ ಟೂಲ್ ಕೊಟ್ಟಿತ್ತು. ಮೈಕ್ರೊ ಸ್ಟಾರ್ ಎಂಬ ಸಂಸ್ಥೆ ಅಂಥ 300 ಲೆವೆಲ್‌ಗಳನ್ನು ಸಿಡಿಗೆ ಹಾಕಿ ಮಾರಿತು. ಆ ಫೈಲುಗಳಲ್ಲಿ ಮೂಲ ಆಟದ ಚಿತ್ರಗಳಿರಲಿಲ್ಲ. ಯಾವ ಚಿತ್ರ ಎಲ್ಲಿ ಇಡಬೇಕು ಎಂಬ ಸೂಚನೆ ಮಾತ್ರ ಇತ್ತು. ಆದರೂ 1998ರಲ್ಲಿ ಮೇಲ್ಮನವಿ ನ್ಯಾಯಾಲಯ ಕಂಪೆನಿಯ ಪರವಾಗಿ ನಿಂತಿತು. ಆ ಲೆವೆಲ್‌ಗಳು ಮೂಲ ಆಟದ ಮುಂದುವರಿದ ಕಥೆಗಳ ಹಾಗೆ, ಅಂಥದ್ದನ್ನು ಮಾರುವ ಹಕ್ಕು ಕಂಪೆನಿಯದ್ದು ಎಂದಿತು. ಆಟಗಾರರಿಗೆ ಸಿಕ್ಕಿದ್ದ ಅನುಮತಿ ಪುಕ್ಕಟೆ ಹಂಚಲು ಮಾತ್ರ. ನಮ್ಮ ಕೋರ್ಟುಗಳು ಈ ತೀರ್ಪನ್ನು ಪಾಲಿಸಲೇಬೇಕು ಎಂದೇನಿಲ್ಲ. ಆದರೆ ವಾದ ಯಾವ ದಿಕ್ಕಿಗೆ ಹೋಗುತ್ತದೆ ಎಂದು ತಿಳಿಯಲು ಇಷ್ಟು ಸಾಕು.

ನಿಮ್ಮ ಬಸ್ಸಿನ ಬಾಡಿಯ ವಿಷಯ ಇದಕ್ಕಿಂತ ಸ್ವಲ್ಪ ಗಟ್ಟಿ. ಅದು ಆಟದ ಕಥೆಯನ್ನು ಅವಲಂಬಿಸಿಲ್ಲ, ಬೇರೆ ಕಡೆಯೂ ಬಳಸಬಹುದಾದ ನಿಮ್ಮದೇ ಮಾಡೆಲ್. ಆದರೂ ಮಾರುವ ಮುಂಚೆ ಆಟದ ಲೈಸೆನ್ಸ್ ಪೂರ್ತಿ ಓದಬೇಕಿತ್ತು. ನಾವೆಲ್ಲ ಓದದೆ 'ಒಪ್ಪಿದೆ' ಒತ್ತುತ್ತೇವೆ. ಮಾಡ್ ಮಾಡುವವರಿಗೆ ಅದರಲ್ಲಿ ಎರಡು ಜಾಗ ಮುಖ್ಯ: ಮಾಡ್‌ನ ಒಡೆತನ ಯಾರದ್ದು, ದುಡ್ಡು ಮಾಡಬಹುದೇ. ಮೈನ್‌ಕ್ರಾಫ್ಟ್‌ನ ಲೈಸೆನ್ಸ್‌ನಲ್ಲಿ ಇದು ತುಂಬ ಸ್ಪಷ್ಟವಾಗಿದೆ. ನೀವು ಹೊಸದಾಗಿ ಬರೆದ ಮಾಡ್ ನಿಮ್ಮದೇ, ಆದರೆ ಮಾರಬೇಡಿ ಎನ್ನುತ್ತದೆ.

ಬಸ್ಸಿನ ಹೆಸರು ಮತ್ತು ಚಿತ್ರ

ನಿಮಗೆ ಮೆಸೇಜ್ ಬಂದದ್ದು ಗೇಮ್ ಕಂಪೆನಿಯಿಂದ ಅಲ್ಲ, ಬಸ್ಸಿನ ಆಫೀಸಿನಿಂದ. ನಮ್ಮ ಕರಾವಳಿಯಲ್ಲಿ ಇದು ಸಹಜ. ಇಲ್ಲಿ ಬಸ್ಸಿಗೆ ನಂಬರಿಗಿಂತ ಹೆಸರು ದೊಡ್ಡದು. ಯಾವ ಬಸ್ಸಿಗೆ ಬಂದೆ ಎಂದು ಕೇಳಿದರೆ ನಾವು ಹೇಳುವುದು ಹೆಸರನ್ನೇ. ಎರಡು ಮೂರು ತಲೆಮಾರಿನಿಂದ ಕಟ್ಟಿದ ಹೆಸರುಗಳಿವೆ. ಅದು ಗೊತ್ತಿಲ್ಲದವರ ಕೈಯಲ್ಲಿ 49 ರೂಪಾಯಿಗೆ ಹೋಗುತ್ತಿದೆ ಎಂದು ಕಂಡಾಗ ಮಾಲಕರಿಗೆ ಏನನಿಸುತ್ತದೆ ಎಂಬುದೂ ನನಗೆ ಅರ್ಥವಾಗುತ್ತದೆ.

ಕಾಪಿರೈಟ್ ಮತ್ತು ಟ್ರೇಡ್‌ಮಾರ್ಕ್ ಬೇರೆ ಬೇರೆ. ಒಂದು ಕೃತಿಯನ್ನು ಕಾಯುತ್ತದೆ, ಇನ್ನೊಂದು ಗುರುತನ್ನು. ಇದನ್ನು ತೋರಿಸಲು ನಮ್ಮ ದೇಶದ್ದೇ ಒಂದು ಕೇಸ್ ಇದೆ. ಕೋಲ್ಕತ್ತದ ಇಬ್ಬರು ಅಣ್ಣತಮ್ಮ 'ಸ್ಕ್ರ್ಯಾಬುಲಸ್' ಎಂಬ ಆನ್‌ಲೈನ್ ಪದ ಆಟ ಮಾಡಿದ್ದರು. ಫೇಸ್‌ಬುಕ್‌ನಲ್ಲಿ ಅದು ಬಹಳ ಓಡಿತು. 'ಸ್ಕ್ರ್ಯಾಬಲ್' ಆಟದ ಮ್ಯಾಟೆಲ್ ಕಂಪೆನಿ ದೆಹಲಿ ಹೈಕೋರ್ಟಿಗೆ ಹೋಯಿತು. 2008ರಲ್ಲಿ ಕೋರ್ಟು ಕಾಪಿರೈಟ್ ವಾದವನ್ನು ಒಪ್ಪಲಿಲ್ಲ. ಆದರೆ ಆ ಹೆಸರು 'ಸ್ಕ್ರ್ಯಾಬಲ್' ಟ್ರೇಡ್‌ಮಾರ್ಕ್‌ಗೆ ತೀರಾ ಹತ್ತಿರ ಎಂದು ತಡೆಯಿತು. ಅಣ್ಣತಮ್ಮ ಹೆಸರು ಬದಲಿಸಿ 'ಲೆಕ್ಸುಲಸ್' ಎಂದರು. ಆಟ ಮುಂದುವರಿಯಿತು. ಹೆಸರೊಂದು ಹೋಯಿತು, ಕೆಲಸ ಉಳಿಯಿತು.

ಹಾಗಾದರೆ ಹೆಸರು ಕಂಡಲ್ಲೆಲ್ಲ ತಪ್ಪಾ? ಅದೂ ಅಲ್ಲ. ಒಡಿಶಾದ ಧಾಮ್ರಾ ಬಂದರಿನಿಂದ ಕಡಲಾಮೆಗಳಿಗೆ ಅಪಾಯ ಎಂದು ಗ್ರೀನ್‌ಪೀಸ್ ಸಂಸ್ಥೆ ಒಂದು ಆನ್‌ಲೈನ್ ಆಟ ಮಾಡಿತ್ತು. ಆಮೆಯ ಎದುರಾಳಿಯಾಗಿ ಟಾಟಾ ಹೆಸರನ್ನು ಬಳಸಿತ್ತು. ಟಾಟಾ ಸನ್ಸ್ ತಡೆ ಕೇಳಿತು. 2011ರಲ್ಲಿ ದೆಹಲಿ ಹೈಕೋರ್ಟ್ ತಾತ್ಕಾಲಿಕ ತಡೆ ಕೊಡಲು ಒಪ್ಪಲಿಲ್ಲ. ಟೀಕೆಗಾಗಿ ಹೆಸರು ಬಳಸುವುದು ಬೇರೆ, ವ್ಯಾಪಾರಕ್ಕಾಗಿ ಬಳಸುವುದು ಬೇರೆ ಎಂಬುದು ಅಲ್ಲಿ ಮುಖ್ಯವಾಯಿತು.

1999ರ ಟ್ರೇಡ್‌ಮಾರ್ಕ್ ಕಾಯ್ದೆಯ 29ನೇ ಸೆಕ್ಷನ್ ಕೇಳುವುದೂ ಅದನ್ನೇ: ಹೆಸರನ್ನು ವ್ಯಾಪಾರದ ಹಾದಿಯಲ್ಲಿ ಬಳಸಿದ್ದೀರಾ? ನಿಮ್ಮ ಫ್ರೀ ಮಾಡ್ ಬಗ್ಗೆ ನಾನು ಧೈರ್ಯವಾಗಿ ವಾದಿಸಬಲ್ಲೆ. 49 ರೂಪಾಯಿಯ ಮಾಡ್ ಬಗ್ಗೆ ಅಷ್ಟು ಧೈರ್ಯ ಇಲ್ಲ. ಮೊತ್ತ ಸಣ್ಣದು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಆದರೂ ಮಾಲಕರ ಕೈಯಲ್ಲಿ ಎಲ್ಲ ದಾಳವೂ ಇಲ್ಲ. ಆ ಹೆಸರು ನೋಂದಣಿ ಆಗಿದೆಯೇ ಎಂದು ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ಪುಕ್ಕಟೆಯಾಗಿ ಹುಡುಕಬಹುದು. ಸಾರಿಗೆ ಸೇವೆ 39ನೇ ವರ್ಗಕ್ಕೆ ಸೇರುತ್ತದೆ. ಸಾಫ್ಟ್‌ವೇರ್ 9ನೇ ವರ್ಗ. 39ರಲ್ಲಿ ಮಾತ್ರ ನೋಂದಣಿ ಇದ್ದರೆ, ಗೇಮ್ ಫೈಲಿನ ಮೇಲೆ ಹಕ್ಕು ಸಾಧಿಸಲು ಅವರು ಜಾಸ್ತಿ ತೋರಿಸಬೇಕಾಗುತ್ತದೆ. ಆ ಹೆಸರು ಭಾರತದಲ್ಲಿ ಪ್ರಸಿದ್ಧವಾಗಿದೆ, ನೀವು ಅದರಿಂದ ಅನ್ಯಾಯದ ಲಾಭ ಪಡೆದಿರಿ ಅಥವಾ ಅದಕ್ಕೆ ಹಾನಿ ಮಾಡಿದಿರಿ ಎಂದು. ನೋಂದಣಿಯೇ ಇಲ್ಲದಿದ್ದರೆ ಅವರ ಹೆಸರಿನಲ್ಲಿ ನಿಮ್ಮ ಸರಕು ದಾಟಿಸಿದಿರಿ ಎಂಬ ವಾದ ಉಳಿಯುತ್ತದೆ. ಇದನ್ನೆಲ್ಲ ಹೇಳಿದ್ದು ನೀವು ಹೋಗಿ ಜಗಳ ಮಾಡಲಿ ಎಂದಲ್ಲ. ಭಯ ಇರಬೇಕಾದಷ್ಟೇ ಇರಲಿ ಎಂದು.

ನನಗೆ ಹೆಸರಿಗಿಂತ ಹೆಚ್ಚು ಚಿಂತೆ ಹಿಂದಿನ ಗ್ಲಾಸಿನ ಚಿತ್ರದ್ದು. ಅದನ್ನು ಫೋಟೊ ತೆಗೆದು ಟೆಕ್ಸ್ಚರ್ (3ಡಿ ಮಾಡೆಲ್ ಮೇಲೆ ಹೊದಿಸುವ ಚಿತ್ರ) ಆಗಿ ಅಂಟಿಸಿದ್ದೀರಿ ಎಂದುಕೊಳ್ಳುತ್ತೇನೆ. ಅದು ಚಿತ್ರಕಲಾ ಕೃತಿ, ಅದಕ್ಕೆ ಕಾಪಿರೈಟ್ ಇದೆ. ದುಡ್ಡು ಕೊಟ್ಟು ಬರೆಸಿದ ಚಿತ್ರವಾದರೆ, ಬೇರೆ ಕರಾರು ಇಲ್ಲದಿದ್ದರೆ, ಬರೆಸಿದವರೇ ಮೊದಲ ಹಕ್ಕುದಾರರು ಎಂದು ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಅಂದರೆ ಇಲ್ಲಿ ಬಹುಶಃ ಬಸ್ಸಿನ ಮಾಲಕರು. ಬಸ್ಸು ದಾರಿಯಲ್ಲಿ ಎಲ್ಲರಿಗೂ ಕಾಣುತ್ತದಲ್ಲ ಎಂದು ನೀವು ಕೇಳಬಹುದು. ಸಾರ್ವಜನಿಕ ಜಾಗದಲ್ಲಿರುವ ಕೆಲವು ಕಲಾಕೃತಿಗಳಿಗೆ ಕಾಯ್ದೆಯಲ್ಲಿ ವಿನಾಯಿತಿ ಇರುವುದು ಹೌದು. ಆದರೆ ಅದು ಒಂದೇ ಕಡೆ ಕಾಯಂ ಆಗಿ ನಿಂತ ಮೂರ್ತಿ ಅಥವಾ ಅಂಥ ಕೈಕೆಲಸಕ್ಕೆ. ಕುಂದಾಪುರಕ್ಕೆ ಓಡುವ ಬಸ್ಸಿನ ಬೆನ್ನಿನ ಚಿತ್ರಕ್ಕೆ ಅದು ಅನ್ವಯಿಸುವುದಿಲ್ಲ.

ಇನ್ನು ಎದುರುಗಡೆ ಚಾಸಿ ಕಂಪೆನಿಯ ಲೋಗೊ. ದೊಡ್ಡ ಗೇಮ್ ಕಂಪೆನಿಗಳೇ ಇದರಲ್ಲಿ ಎಚ್ಚರ ವಹಿಸುತ್ತವೆ. ಯೂರೋ ಟ್ರಕ್ ಸಿಮ್ಯುಲೇಟರ್ 2ರಲ್ಲಿ ಮರ್ಸಿಡಿಸ್ ಲಾರಿ ಮೊದಲು ಬಂದದ್ದು 'ಮಜೆಸ್ಟಿಕ್' ಎಂಬ ಕಲ್ಪಿತ ಹೆಸರಿನಲ್ಲಿ. ಲೈಸೆನ್ಸ್ ಸಿಕ್ಕಿದ ಮೇಲೆ ನಿಜ ಹೆಸರು ಬಂತು. ಲೋಗೊ ತೆಗೆದರೆ ನಿಮ್ಮ ಮಾಡ್‌ಗೆ ನಷ್ಟ ಏನೂ ಇಲ್ಲ, ತೆಗೆದುಬಿಡಿ.

ಹಾರ್ನ್, ಕಂಡಕ್ಟರ್, ಬೇರೆಯವರ ಡ್ಯಾಶ್‌ಬೋರ್ಡ್

ಹಾಡಿನ ತುಂಡು ಏಳು ಸೆಕೆಂಡಿಗಿಂತ ಕಡಿಮೆ ಇದ್ದರೆ ಪರವಾಗಿಲ್ಲ ಎಂಬ ಮಾತು ಎಲ್ಲ ಕಡೆ ಇದೆ. ಕೆಲವರು ಹತ್ತು ಎನ್ನುತ್ತಾರೆ, ಕೆಲವರು ಮೂವತ್ತು. ನಮ್ಮ ಕಾಯ್ದೆಯಲ್ಲಿ ಅಂಥ ಸೆಕೆಂಡಿನ ಲೆಕ್ಕವೇ ಇಲ್ಲ. ಒಂದು ಸಿನಿಮಾ ಹಾಡಿನಲ್ಲಿ ಸಾಹಿತ್ಯ, ರಾಗ, ಧ್ವನಿಮುದ್ರಣ ಎಂದು ಮೂರು ಹಕ್ಕುಗಳಿವೆ. ಗುರುತು ಸಿಗುವ ಸಾಲನ್ನೇ ನೀವು ಹಾರ್ನ್‌ಗೆ ಹಾಕುತ್ತೀರಿ, ಏಕೆಂದರೆ ಗುರುತು ಸಿಗಲಿ ಎಂಬುದೇ ಆಸೆ. ಅಲ್ಲೇ ತೊಂದರೆ. ಯೂಟ್ಯೂಬಿನ ಯಂತ್ರ ನಿಮ್ಮ ಟ್ರೇಲರ್ ವೀಡಿಯೊದಲ್ಲಿ ಅದನ್ನು ತಾನಾಗಿಯೇ ಹಿಡಿಯುತ್ತದೆ. ಸ್ನೇಹಿತರಲ್ಲಿ ಯಾರಾದರೂ ಕೀಬೋರ್ಡ್ ನುಡಿಸುತ್ತಾರಾ? ಸ್ವಂತ ರಾಗ ಒಂದು ಮಾಡಿಸಿ. ನಿಮ್ಮ ಬಸ್ಸಿಗೆ ಅದೇ ಗುರುತಾಗುತ್ತದೆ.

'ರೈಟ್ ಪೋಯಿ' ನನಗೆ ತುಂಬ ಇಷ್ಟವಾಯಿತು. ಆ ಎರಡು ಶಬ್ದಕ್ಕೆ ಯಾರಿಗೂ ಕಾಪಿರೈಟ್ ಇಲ್ಲ. ಊರಿನ ಮಾತು ಅದು. ರೆಕಾರ್ಡಿಂಗ್ ಮಾಡಿದ್ದೂ ನೀವೇ. ಆದರೆ ಆ ಧ್ವನಿಯ ಕಂಡಕ್ಟರ್ ದಿನಾ ನಿಮಗೆ ಸಿಗುವವರು. ಅವರಿಗೆ ಒಮ್ಮೆ ಕೇಳಿಸಿ, ಹಾಕಲಾ ಎಂದು ಕೇಳಿ. ಕಾನೂನು ಹೇಳುತ್ತದೆ ಎಂದಲ್ಲ, ಅದು ಅವರ ಸ್ವರ ಎಂದು.

ಡ್ಯಾಶ್‌ಬೋರ್ಡ್ ಮತ್ತು ಚಕ್ರದ ವಿಷಯ ಮಾತ್ರ ಗಂಭೀರ. ಕ್ರೆಡಿಟ್ ಕೊಡುವುದು ಒಳ್ಳೆಯ ನಡತೆ. ಅದು ಅನುಮತಿ ಅಲ್ಲ. ಒಬ್ಬರು ಫ್ರೀ ಡೌನ್‌ಲೋಡ್‌ಗೆ ಇಟ್ಟರು ಎಂದರೆ ಮಾರಾಟಕ್ಕೆ ಕೊಟ್ಟರು ಎಂದಾಗುವುದಿಲ್ಲ. 2015ರ ಏಪ್ರಿಲ್‌ನಲ್ಲಿ ವಾಲ್ವ್ ಮತ್ತು ಬೆಥೆಸ್ಡಾ ಎಂಬ ಗೇಮ್ ಕಂಪೆನಿಗಳು ಸೇರಿ ಸ್ಕೈರಿಂ ಆಟದ ಮಾಡ್‌ಗಳನ್ನು ದುಡ್ಡಿಗೆ ಮಾರುವ ಏರ್ಪಾಡು ಮಾಡಿದವು. ಶುರುವಿನಲ್ಲೇ ಮೀನು ಹಿಡಿಯುವ ಒಂದು ಮಾಡ್ ತೆಗೆಯಬೇಕಾಯಿತು. ಮತ್ತೊಬ್ಬ ಮಾಡರ್ ಫ್ರೀ ಆಗಿ ಕೊಟ್ಟಿದ್ದ ಅನಿಮೇಶನ್ ಕೆಲಸದ ಮೇಲೆ ಅದು ನಿಂತಿತ್ತು. ಕೆಲವೇ ದಿನಗಳಲ್ಲಿ ಇಡೀ ಏರ್ಪಾಡು ವಾಪಸ್ ಹೋಯಿತು, ಜನರಿಗೆ ದುಡ್ಡು ಮರಳಿತು. ಕಂಪೆನಿಯೇ ಮಾರಲು ಬಿಟ್ಟಾಗಲೂ ಮಾಡರ್‌ಗಳ ನಡುವಿನ ಹಕ್ಕು ಹಾಗೇ ಉಳಿಯುತ್ತದೆ ಎಂದು ಅಂದು ಎಲ್ಲರಿಗೂ ಗೊತ್ತಾಯಿತು. ರಾಕ್‌ಸ್ಟಾರ್ ಹೇಳಿದ ಮೂರನೇ ಶರತ್ತೂ ಇದೇ: ಬೇರೆಯವರ ಹಕ್ಕಿಗೆ ಕೈ ಹಾಕಬೇಡಿ.

ಇದನ್ನು ಸ್ವಲ್ಪ ಒತ್ತಿ ಹೇಳುತ್ತಿದ್ದೇನೆ. ನಿಮ್ಮ ಬಾಡಿ ಕದ್ದವನ ಮೇಲೆ ನಿಮಗೆ ಬಂದ ಸಿಟ್ಟೇ ಆ ಡ್ಯಾಶ್‌ಬೋರ್ಡ್ ಮಾಡಿದವರಿಗೂ ನಿಮ್ಮ ಮೇಲೆ ಬರಬಹುದು.

ಪೊಲೀಸ್ ವಿಷಯ

ಕಾಪಿರೈಟ್ ಉಲ್ಲಂಘನೆ ಸಿವಿಲ್ ತಪ್ಪೂ ಹೌದು, ಅಪರಾಧವೂ ಹೌದು. 63ನೇ ಸೆಕ್ಷನ್ ಪ್ರಕಾರ ಗೊತ್ತಿದ್ದೂ ಉಲ್ಲಂಘಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲ ಎಂದಾದರೆ ಕೋರ್ಟು ಕಾರಣ ಬರೆದು ಇದಕ್ಕಿಂತ ಕಡಿಮೆ ಮಾಡಬಹುದು. ಈ ಅಪರಾಧಕ್ಕೆ ಪೊಲೀಸರು ನೇರವಾಗಿ ಎಫ್‌ಐಆರ್ ದಾಖಲಿಸಬಹುದು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಜಾಮೀನು ಕೂಡ ಹಕ್ಕಾಗಿ ಸಿಗುವುದಿಲ್ಲ. ಟ್ರೇಡ್‌ಮಾರ್ಕ್ ವಿಷಯದಲ್ಲಿ ಬಿಗಿ ಇನ್ನೊಂದು ಬಗೆಯದ್ದು. ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನ ಅಧಿಕಾರಿ ಶೋಧ, ಜಪ್ತಿ ಮಾಡುವಂತಿಲ್ಲ. ಮೊದಲು ರಿಜಿಸ್ಟ್ರಾರ್ ಅಭಿಪ್ರಾಯವನ್ನೂ ಪಡೆಯಬೇಕು.

ಅಂಕೆಗಳನ್ನು ನೋಡಿ ಹೆದರಬೇಡಿ, ಮುಚ್ಚಿಡುವುದು ಸರಿಯಲ್ಲ ಎಂದು ಹೇಳಿದೆ. ನಾನು ನೋಡಿದ ಇಂಥ ವಿಷಯಗಳಲ್ಲಿ ಹೆಚ್ಚಿನವು ಒಂದು ಫೋನ್ ಕರೆ, ಒಂದು ಪತ್ರದಲ್ಲಿ ಮುಗಿದಿವೆ. ಕೆಟ್ಟದಕ್ಕೆ ತಿರುಗಿದ್ದು ಮೆಸೇಜ್‌ಗೆ ಉತ್ತರವನ್ನೇ ಕೊಡದೆ ಬ್ಲಾಕ್ ಮಾಡಿದಾಗ, ಅಥವಾ ಸ್ಕ್ರೀನ್‌ಶಾಟ್ ಹಾಕಿ ಗೇಲಿ ಮಾಡಿದಾಗ. ಒಮ್ಮೆ ಒಬ್ಬ ಹುಡುಗ ಹಾಗೆ ಮಾಡಿದ್ದ. ಮಾಲಕರಿಗೆ ಮಾಡ್‌ಗಿಂತ ಆ ಗೇಲಿಯೇ ಜಾಸ್ತಿ ನಾಟಿತ್ತು. ಅವನನ್ನು ಕ್ಷಮೆ ಕೇಳಿಸಿ ಮಾತಿಗೆ ಕೂರಿಸಲು ನನಗೆ ಎರಡು ತಿಂಗಳು ಬೇಕಾಯಿತು. ನೆನಪಿಡಿ, ಮೆಸೇಜ್ ಬಂದ ಮೇಲೆ ನನಗೆ ಗೊತ್ತಿರಲಿಲ್ಲ ಎನ್ನಲು ಆಗುವುದಿಲ್ಲ. ಇಲ್ಲಿಂದ ಮುಂದೆ ಮಾಡುವುದೆಲ್ಲ ಗೊತ್ತಿದ್ದೂ ಮಾಡಿದ್ದಾಗುತ್ತದೆ.

ಇನ್ನು ಏನು ಮಾಡಬಹುದು

ಒಂದು ದಾರಿ ಅಮ್ಮ ಹೇಳಿದ್ದು, ಎಲ್ಲ ಇಳಿಸಿ ಸುಮ್ನೆ ಇರುವುದು. ಅಪಾಯ ಬಹಳ ಕಡಿಮೆ. ಈಗಾಗಲೇ ಮಾರಿದ್ದರ ಬಗ್ಗೆ ಅವರು ಕೇಳಬಹುದು, ಆದರೆ ಸಾಮಾನ್ಯವಾಗಿ ಅಲ್ಲಿಗೆ ಬಿಡುತ್ತಾರೆ. ನನಗೆ ಈ ದಾರಿ ಇಷ್ಟವಿಲ್ಲ. ಐದು ತಿಂಗಳಲ್ಲಿ ನೀವು ಕಲಿತದ್ದು ದೊಡ್ಡದು. ಹೆದರಿಕೆಯಿಂದ ಅದು ಮೂಲೆ ಸೇರಬಾರದು.

ಎರಡನೆಯದು, ಬಸ್ಸನ್ನು ನಿಮ್ಮದೇ ಮಾಡಿಕೊಳ್ಳುವುದು. ಬಾಡಿ ಹಾಗೇ ಇರಲಿ. ಹೆಸರು, ಚಿತ್ರ, ಬಣ್ಣದ ಪಟ್ಟೆ, ಲೋಗೊ, ಹಾರ್ನ್‌ನ ಹಾಡು ಬದಲಿಸಿ. ನಮ್ಮ ರೂಟಿನ ಬಸ್ಸು ಎಂದು ಕಾಣಲು ಹೆಸರೊಂದೇ ಬೇಕಾಗಿಲ್ಲ. ಎದುರಿನ ಬೋರ್ಡ್‌ನಲ್ಲಿ ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು ಎಂದಿದ್ದರೆ ನಮ್ಮವರಿಗೆ ತಿಳಿಯುತ್ತದೆ. ಊರಿನ ಹೆಸರಿಗೆ ಮಾಲಕರಿಲ್ಲ. ಆದರೆ ನಿಜವಾದ ಹೆಸರಿನ ಒಂದಕ್ಷರ ತಿರುಚಿ ಇಡಬೇಡಿ. ಸ್ಕ್ರ್ಯಾಬುಲಸ್ ಬಿದ್ದದ್ದು ಅದಕ್ಕೇ. ಡ್ಯಾಶ್‌ಬೋರ್ಡ್, ಚಕ್ರವನ್ನೂ ನೀವೇ ಮಾಡಿ ಅಥವಾ ಮಾಡಿದವರಿಂದ ಬರೆಸಿಕೊಳ್ಳಿ. ಹೀಗೆ ಮಾಡಿದ ಬಸ್ಸಿಗೆ ಉಳಿಯುವುದು ಗೇಮ್ ಲೈಸೆನ್ಸ್‌ನ ಪ್ರಶ್ನೆ ಒಂದೇ.

ಮೂರನೆಯದು, ಕೇಳುವುದು. ಹೊರದೇಶದ ಮಾಡರ್‌ಗಳಿಗೆ ಇಲ್ಲದ ಅನುಕೂಲ ನಿಮಗಿದೆ. ನೀವು ಒಪ್ಪಿಗೆ ಕೇಳಬೇಕಾದ ಆಫೀಸು ಒಂದು ಬಸ್ ಟಿಕೇಟಿನ ದೂರದಲ್ಲಿದೆ. ವಾಲ್ವ್ ಕಂಪೆನಿಯ ಹಾಫ್-ಲೈಫ್ ಆಟವನ್ನು ಅಭಿಮಾನಿಗಳು ಹೊಸದಾಗಿ ಕಟ್ಟಿ 2012ರಲ್ಲಿ 'ಬ್ಲ್ಯಾಕ್ ಮೆಸಾ' ಎಂದು ಫ್ರೀ ಬಿಟ್ಟರು. ಮೊದಲು ಹೆಸರಿನ ಕೊನೆಗೆ 'ಸೋರ್ಸ್' ಎಂದಿತ್ತು. ವಾಲ್ವ್ ಕೇಳಿಕೊಂಡದ್ದರಿಂದ ಆ ಶಬ್ದ ಬಿಟ್ಟರು. ಮುಂದೆ ವಾಲ್ವ್ ಅವರಿಗೆ ಅದನ್ನು ಮಾರಲು ಸಹ ಒಪ್ಪಿತು. ಕೌಂಟರ್-ಸ್ಟ್ರೈಕ್ ಕೂಡ 1999ರಲ್ಲಿ ಹಾಫ್-ಲೈಫ್‌ನ ಮಾಡ್ ಆಗಿಯೇ ಹುಟ್ಟಿದ್ದು. ಹಕ್ಕುದಾರರೆಲ್ಲ ವೈರಿಗಳಲ್ಲ.

ಇವತ್ತೇ ಆ ನಂಬರಿಗೆ ಹೀಗೆ ಬರೆಯಿರಿ: "ನಮಸ್ಕಾರ ಸರ್. ನಿಮ್ಮ ಮೆಸೇಜ್ ನೋಡಿದೆ. ನಾನು ನಿಮ್ಮ ಬಸ್ಸಿನ ದಿನದ ಪ್ರಯಾಣಿಕ, ವಿದ್ಯಾರ್ಥಿ. ಮಾಡ್‌ನ ಡೌನ್‌ಲೋಡ್ ಮತ್ತು ಮಾರಾಟ ಇಂದೇ ನಿಲ್ಲಿಸಿದ್ದೇನೆ. ನಿಮಗೆ ಬೇಸರವಾದದ್ದಕ್ಕೆ ಕ್ಷಮೆ ಇರಲಿ. ಒಮ್ಮೆ ಆಫೀಸಿಗೆ ಬಂದು ಇದನ್ನು ತೋರಿಸಬಹುದಾ?" ಇಷ್ಟು ಸಾಕು. ಕಾನೂನು ಉಲ್ಲಂಘಿಸಿದೆ, ಪರಿಹಾರ ಕೊಡುತ್ತೇನೆ ಎಂದೆಲ್ಲ ಬರೆಯಬೇಡಿ. ಹೋಗುವಾಗ ಮನೆಯ ಹಿರಿಯರೊಬ್ಬರು ಜೊತೆಗಿರಲಿ. ಲ್ಯಾಪ್‌ಟಾಪಿನಲ್ಲಿ ಬಸ್ಸು ಓಡಿಸಿ ತೋರಿಸಿ. ಅವರು ಒಪ್ಪಿದರೆ ಬಾಯಿಮಾತಿಗೆ ನಿಲ್ಲಿಸಬೇಡಿ. ಯಾವ ಹೆಸರು, ಯಾವ ಚಿತ್ರ, ಯಾವ ಆಟಕ್ಕೆ, ಪುಕ್ಕಟೆಯೋ ದುಡ್ಡಿಗೋ, ಎಷ್ಟು ವರ್ಷಕ್ಕೆ ಎಂದು ಒಂದು ಪುಟದಲ್ಲಿ ಬರೆದು ಸಹಿ ಹಾಕಿಸಿ. ಒಪ್ಪದಿದ್ದರೆ ಎರಡನೇ ದಾರಿ ಹೇಗೂ ಇದೆ.

63 ಜನರ ದುಡ್ಡು ಒಟ್ಟು 3,087 ರೂಪಾಯಿ. ಅದನ್ನು ಖರ್ಚು ಮಾಡದೆ ಇಡಿ, ಯುಪಿಐ ಲೆಕ್ಕ ತೆಗೆದಿಡಿ. ಲಾಭದ ಲೆಕ್ಕ ಕೇಳುವ ಹಕ್ಕು ಹಕ್ಕುದಾರರಿಗೆ ಇದೆ. ಕೊಂಡವರಿಗೆ ತಾನಾಗಿ ವಾಪಸ್ ಮಾಡಬೇಕೆಂದಿಲ್ಲ. ಕೇಳಿದವರಿಗೆ ಕೊಟ್ಟುಬಿಡಿ. ಹೊಸ ಬಸ್ಸು ತಯಾರಾದಾಗ ಉಳಿದವರಿಗೂ ಪುಕ್ಕಟೆ ಕಳಿಸಿದರೆ ಚೆನ್ನ.

ನಂತೂರು-ಉಡುಪಿ ಮ್ಯಾಪ್ ಖಂಡಿತ ಮಾಡಿ. ದಾರಿ, ತಿರುವು, ಶಾಂಭವಿ ಹೊಳೆ ಎಲ್ಲಿದೆ ಎಂಬುದು ವಾಸ್ತವ ಸಂಗತಿ, ಅದಕ್ಕೆ ಕಾಪಿರೈಟ್ ಇಲ್ಲ. ಆದರೆ ಉಪಗ್ರಹ ಚಿತ್ರಗಳನ್ನು ಸಿಕ್ಕಲ್ಲಿಂದ ಎತ್ತಿ ಅದರ ಮೇಲೆ ಗೆರೆ ಎಳೆಯಬೇಡಿ, ಅದಕ್ಕೆ ಬೇರೆ ನಿಯಮಗಳಿವೆ. ಜನರೇ ಸೇರಿ ಮಾಡುವ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯ ಮಾಹಿತಿ ಬಳಸಿ, ಅವರ ಹೆಸರು ಹಾಕಿ, ಲೈಸೆನ್ಸ್ ಹೇಳಿದ ಹಾಗೆ ನಡೆಯಿರಿ. ಕಟ್ಟಡಗಳನ್ನು ಚಿತ್ರಿಸಲು ಕಾಯ್ದೆಯಲ್ಲೇ ವಿನಾಯಿತಿ ಇದೆ. 1901ರ ಕಾಪು ಲೈಟ್‌ಹೌಸ್ ಇಲ್ಲದ ಮ್ಯಾಪ್ ನಮ್ಮದು ಎನಿಸುವುದೇ ಇಲ್ಲ. ಅಂಗಡಿ, ಹೋಟೆಲ್ ಬೋರ್ಡುಗಳಿಗೆ ಮಾತ್ರ ಕಲ್ಪಿತ ಹೆಸರು ಬರೆಯಿರಿ.

ಕೊನೆಗೆ, ನಿಮ್ಮ ಬಾಡಿ ಕದ್ದವನ ವಿಷಯ. ಆ ಮಾಡೆಲ್ ನಿಮ್ಮ ಕೃತಿ. ಅದು ಹುಟ್ಟಿದ ಗಳಿಗೆಯಿಂದ ಕಾಪಿರೈಟ್ ನಿಮ್ಮದು, ನೋಂದಣಿ ಕಡ್ಡಾಯವಲ್ಲ. ತಾರೀಕು ಇರುವ ಬ್ಲೆಂಡರ್ ಫೈಲುಗಳು, ಅರ್ಧ ಕಟ್ಟಿದ ಬಾಡಿಯ ಸ್ಕ್ರೀನ್‌ಶಾಟ್‌ಗಳನ್ನು ಒಂದು ಕಡೆ ಸೇರಿಸಿ. ಮೊದಲು ಅವನಿಗೆ ನೇರವಾಗಿ ಬರೆಯಿರಿ. ಕೇಳದಿದ್ದರೆ ಅವನು ಹಾಕಿದ ಜಾಲತಾಣಕ್ಕೆ ಕಾಪಿರೈಟ್ ದೂರು ಕೊಡಿ. ದೂರಿನಲ್ಲಿ ಬಾಡಿಯ ಮಾಡೆಲ್ ಒಂದನ್ನೇ ನಿಮ್ಮದೆಂದು ಹೇಳಿ. ಡ್ಯಾಶ್‌ಬೋರ್ಡ್, ಹಾಡು, ಬಸ್ಸಿನ ಹೆಸರು ಸೇರಿಸಬೇಡಿ. ನಿಮ್ಮದಲ್ಲದ್ದನ್ನು ನಿಮ್ಮದೆಂದು ಬರೆದರೆ ಆ ದೂರು ನಿಮ್ಮ ಮೇಲೇ ತಿರುಗುತ್ತದೆ. ಮತ್ತು ಬಸ್ಸಿನ ಮಾಲಕರ ವಿಷಯ ಇತ್ಯರ್ಥ ಆದ ಮೇಲೆಯೇ ಈ ದೂರು ಕಳಿಸಿ. ಈ ನಡುವೆ ವಕೀಲರ ಹೆಸರಿನಲ್ಲಿ ರಿಜಿಸ್ಟರ್ಡ್ ನೋಟಿಸ್ ಬಂದರೆ ನೀವೇ ಉತ್ತರ ಬರೆಯಲು ಹೋಗಬೇಡಿ. ಅದನ್ನು ಹಿಡಿದುಕೊಂಡು ಹತ್ತಿರದ ವಕೀಲರನ್ನು ನೋಡಿ. ಫೀಸಿನ ಚಿಂತೆ ಇದ್ದರೆ ಮಂಗಳೂರು, ಉಡುಪಿ ಎರಡೂ ಕೋರ್ಟುಗಳಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ, ಅಲ್ಲಿ ವಿಚಾರಿಸಿ.